ಪೋಲೆಂಡ್ ಸಿನಿಮಾ ಯಾವುದರಿಂದ ಶುರು ಮಾಡಬೇಕು? ವೈದಾ, ಕೀಸ್ಲೋವ್ಸ್ಕಿ, 'ಈಡಾ' ಮತ್ತು ಉಳಿದವರು

ಪೋಲೆಂಡ್ ಸಿನಿಮಾ ನೋಡಬೇಕು, ಯಾವುದರಿಂದ ಶುರು ಮಾಡಲಿ ಅಂತ ಸಿನಿಮಾ ಹುಚ್ಚಿರುವ ಯಾರನ್ನಾದರೂ ಕೇಳಿ. ಸಾಮಾನ್ಯವಾಗಿ ಮೂರರಲ್ಲಿ ಒಂದು ಉತ್ತರ ಬರುತ್ತದೆ. ಫಿಲ್ಮ್ ಸೊಸೈಟಿ ಕಾಲದ ಹಿರಿಯರು ವೈದಾನ 'ಆಶಸ್ ಅಂಡ್ ಡೈಮಂಡ್ಸ್' ಅನ್ನುತ್ತಾರೆ. ತೊಂಬತ್ತರ ದಶಕದಲ್ಲಿ ಚಿತ್ರೋತ್ಸವಗಳಿಗೆ ಅಲೆದವರು ಕೀಸ್ಲೋವ್ಸ್ಕಿಯ 'ತ್ರೀ ಕಲರ್ಸ್' ಅನ್ನುತ್ತಾರೆ. ಈಗಿನ ಹುಡುಗರು ಪಾವ್ಲಿಕೋವ್ಸ್ಕಿಯ 'ಈಡಾ' ಅನ್ನುತ್ತಾರೆ. ಚಿಕ್ಕದಾಗಿದೆ, ಕಣ್ಣಿಗೆ ಚಂದ, ಆಸ್ಕರ್ ಬೇರೆ ಬಂದಿದೆ. ಮೂರೂ ಒಳ್ಳೆಯ ಸಿನಿಮಾಗಳೇ. ಆದರೂ ಮೊದಲು ನೋಡೋಕೆ ಈ ಮೂರರಲ್ಲಿ ಯಾವುದನ್ನೂ ನಾನು ಹೇಳುವುದಿಲ್ಲ.

ಯಾವುದು ದೊಡ್ಡ ಸಿನಿಮಾ ಅನ್ನುವ ಲೆಕ್ಕ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಕೂತು ನೋಡುವ ಮೊದಲೇ ನಮಗೆ ಎಷ್ಟು ಗೊತ್ತಿರಬೇಕು ಅನ್ನುವುದು ಮುಖ್ಯ. ಕೆಲವು ಪೋಲಿಷ್ ಸಿನಿಮಾಗಳು ತಮ್ಮ ಪ್ರೇಕ್ಷಕರ ಜೊತೆ ಕಣ್ಣಲ್ಲೇ ಮಾತಾಡುತ್ತವೆ. ಅಲ್ಲಿನ ಜನರಿಗೆ ಒಂದು ನದಿ ತೋರಿಸಿದರೆ ಸಾಕು, ಎದೆ ಝಲ್ ಅನ್ನುತ್ತದೆ. ನಮಗೆ ಅದು ಬರೀ ನದಿ. ಇನ್ನು ಕೆಲವಕ್ಕೆ ಏನೂ ಗೊತ್ತಿರಬೇಕಿಲ್ಲ, ಸುಮ್ನೆ ಕೂತರೆ ಸಾಕು. ಈ ಒಂದು ಅಳತೆ ಇಟ್ಟುಕೊಂಡು ಹೋಲಿಸಿದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಮೊದಲು ತಿಳಿದಿರಬೇಕಾದ ನಾಲ್ಕು ಮಾತು

1939ರಲ್ಲಿ ಜರ್ಮನಿ ಒಂದು ಕಡೆಯಿಂದ, ಸೋವಿಯತ್ ಒಕ್ಕೂಟ ಇನ್ನೊಂದು ಕಡೆಯಿಂದ ನುಗ್ಗಿ ದೇಶವನ್ನು ಹಂಚಿಕೊಂಡವು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 60 ಲಕ್ಷ ಪೋಲಿಷ್ ಪ್ರಜೆಗಳು ಸತ್ತಿದ್ದರು. ಅವರಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಯಹೂದಿಗಳು. 1944ರ ಆಗಸ್ಟ್ 1ರಂದು ವಾರ್ಸಾ ನಗರದ ಭೂಗತ ಸೇನೆ ಜರ್ಮನ್ನರ ಮೇಲೆ ದಂಗೆ ಎದ್ದಿತು. 63 ದಿನ ಹೋರಾಡಿ ಸೋತಿತು. ಸೋವಿಯತ್ ಸೇನೆ ಅಷ್ಟರಲ್ಲಿ ವಿಸ್ಟುಲಾ ನದಿಯ ಆಚೆ ದಡಕ್ಕೆ ಬಂದಿತ್ತು, ಆದರೆ ನಗರವನ್ನು ಉಳಿಸಲು ನುಗ್ಗಲಿಲ್ಲ. ಜರ್ಮನ್ನರು ವಾರ್ಸಾವನ್ನು ಬೀದಿ ಬೀದಿಯಾಗಿ ಒಡೆದು ಹಾಕಿದರು. ಯುದ್ಧದ ನಂತರ ಗದ್ದುಗೆ ಹಿಡಿದದ್ದು ಅದೇ ಸೋವಿಯತ್ ಬೆಂಬಲದ ಕಮ್ಯುನಿಸ್ಟ್ ಪಕ್ಷ. ಹಾಗಾಗಿ 1989ರವರೆಗೆ ಆ ನದಿ, ಆ ಆಚೆ ದಡ, ಆ ಭೂಗತ ಸೇನೆಯ ಹುಡುಗರು, ಇವರ ಬಗ್ಗೆ ಬಾಯಿಬಿಟ್ಟು ಎಲ್ಲವನ್ನೂ ಹೇಳುವ ಹಾಗಿರಲಿಲ್ಲ.

1945ರಲ್ಲಿ ಸಿನಿಮಾ ಸರ್ಕಾರದ ಕೈಗೆ ಹೋಯಿತು. ವಾರ್ಸಾ ಹಾಳುಬಿದ್ದಿತ್ತು, ಆದ್ದರಿಂದ 1948ರಲ್ಲಿ ಚಿತ್ರಶಾಲೆ ಶುರುವಾದದ್ದು ವುಚ್ ಎಂಬ ಬಟ್ಟೆ ಗಿರಣಿಗಳ ಊರಲ್ಲಿ. ವೈದಾ, ಪೊಲಾನ್‌ಸ್ಕಿ, ಸ್ಕೊಲಿಮೋವ್ಸ್ಕಿ, ಜನೂಸಿ, ಕೀಸ್ಲೋವ್ಸ್ಕಿ ಎಲ್ಲರೂ ಅಲ್ಲಿ ಕಲಿತವರು. ಸ್ಟಾಲಿನ್ ಸತ್ತ ಮೇಲೆ, 1955ರಲ್ಲಿ ಇನ್ನೊಂದು ಏರ್ಪಾಡು ಬಂತು. ನಿರ್ದೇಶಕರು, ಬರಹಗಾರರು ಸೇರಿ ಸಣ್ಣ ಸಣ್ಣ ತಂಡ ಕಟ್ಟಿಕೊಂಡರು. ಒಬ್ಬ ಹಿರಿಯ ನಿರ್ದೇಶಕ ಅದರ ಮುಖ್ಯಸ್ಥ. ದುಡ್ಡು ಸರ್ಕಾರದ್ದು, ಸ್ಕ್ರಿಪ್ಟಿಗೆ ಒಪ್ಪಿಗೆಯೂ ಸರ್ಕಾರದ್ದೇ. ಆದರೆ ದಿನದಿನದ ಜಗಳವನ್ನು ಆ ಹಿರಿಯರೇ ಆಡಿ ಚಿಕ್ಕವರನ್ನು ಕಾಪಾಡುತ್ತಿದ್ದರು. ಗಲ್ಲಾಪೆಟ್ಟಿಗೆಯ ಭಯ ಇಲ್ಲ, ಸೆನ್ಸಾರಿನ ಭಯ ಮಾತ್ರ ಇದೆ. ಈ ವಿಚಿತ್ರ ಪರಿಸ್ಥಿತಿಯಲ್ಲೇ ಅವರ ದೊಡ್ಡ ಸಿನಿಮಾಗಳು ಬಂದವು. ಸೆನ್ಸಾರಿನವರು ಓದುತ್ತಿದ್ದದ್ದು ಕಾಗದದ ಮೇಲಿನ ಮಾತು. ನಿರ್ದೇಶಕರು ಹೇಳಬೇಕಾದ್ದನ್ನು ಚಿತ್ರದಲ್ಲಿ ಅಡಗಿಸಿಡುವುದನ್ನು ಕಲಿತರು. ಪ್ರೇಕ್ಷಕರು ಹುಡುಕಿ ತೆಗೆಯುವುದನ್ನು ಕಲಿತರು.

ಇಷ್ಟು ಸಾಕು. ಈಗ ಆಯ್ಕೆಗೆ ಬರೋಣ.

ನನ್ನ ಆಯ್ಕೆ: 'ಕ್ಯಾಮೆರಾ ಬಫ್', 1979

ಕೀಸ್ಲೋವ್ಸ್ಕಿ ಅಂದ ತಕ್ಷಣ ಜನ 'ತ್ರೀ ಕಲರ್ಸ್' ಕಡೆ ಓಡುತ್ತಾರೆ. ಅವನೇ ಮಾಡಿದ ಈ ಸಿನಿಮಾ ಪಕ್ಕದಲ್ಲೇ ಉಳಿದುಬಿಡುತ್ತದೆ. ಕಥೆ ಇಷ್ಟು: ಸಣ್ಣ ಊರಿನ ಕಾರ್ಖಾನೆಯ ನೌಕರ ಫಿಲಿಪ್‌ಗೆ ಮಗಳು ಹುಟ್ಟುತ್ತಾಳೆ. ಅವಳು ಬೆಳೆಯುವುದನ್ನು ಹಿಡಿದಿಡಬೇಕು ಅಂತ ಎರಡು ತಿಂಗಳ ಸಂಬಳ ಸುರಿದು 8 ಎಂಎಂ ಕ್ಯಾಮೆರಾ ತರುತ್ತಾನೆ. ಊರಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ. ಕಾರ್ಖಾನೆಯ ಸಾಹೇಬರಿಗೆ ವಿಷಯ ಗೊತ್ತಾಗುತ್ತದೆ. ನಮ್ಮ ಕಾರ್ಖಾನೆಯ ಬೆಳ್ಳಿಹಬ್ಬ ಇದೆಯಲ್ಲ, ಅದನ್ನು ಶೂಟ್ ಮಾಡಿಕೊಡು ಅನ್ನುತ್ತಾರೆ.

ಫಿಲಿಪ್ ಭಾಷಣ, ಹಾರ, ಚಪ್ಪಾಳೆ ಎಲ್ಲ ಹಿಡಿಯುತ್ತಾನೆ. ಜೊತೆಗೆ ಕಿಟಕಿಯ ಮೇಲೆ ಕೂತ ಪಾರಿವಾಳಗಳನ್ನೂ ಹಿಡಿಯುತ್ತಾನೆ. ಸಭೆಯಿಂದ ಎದ್ದು ಶೌಚಾಲಯಕ್ಕೆ ಹೋಗುವವರನ್ನೂ ಹಿಡಿಯುತ್ತಾನೆ. ಸಾಹೇಬರು ನೋಡಿ, ಪಾರಿವಾಳ ಯಾಕೆ, ಇದು ಯಾಕೆ, ತೆಗೆದುಬಿಡು ಅನ್ನುತ್ತಾರೆ. ಒಂದು ದೇಶದ ಸೆನ್ಸಾರ್ ವ್ಯವಸ್ಥೆ ಪೂರ್ತಿ ಆ ಒಂದು ಸಣ್ಣ ಮಾತಲ್ಲಿ ಬಂದುಬಿಡುತ್ತದೆ. ಗದರಿಕೆ ಇಲ್ಲ, ಪೊಲೀಸ್ ಇಲ್ಲ. ಒಳ್ಳೆಯ ಮನುಷ್ಯನೇ ಆ ಸಾಹೇಬ. ನಿನ್ನ ಒಳ್ಳೆಯದಕ್ಕೇ ಹೇಳ್ತಿದ್ದೀನಿ ಅನ್ನುವ ಧಾಟಿ.

ಆಮೇಲೆ ಫಿಲಿಪ್‌ಗೆ ಹುಚ್ಚು ಹತ್ತುತ್ತದೆ. ಹವ್ಯಾಸಿಗಳ ಸ್ಪರ್ಧೆಯಲ್ಲಿ ಬಹುಮಾನ ಬರುತ್ತದೆ, ಟಿವಿಯವರು ಕರೆಯುತ್ತಾರೆ. ಊರಿನ ಮುಖ್ಯ ಚೌಕದ ಮನೆಗಳ ಮುಂಭಾಗಕ್ಕೆ ಬಣ್ಣ ಬಳಿದು ಹಿತ್ತಲನ್ನು ಹಾಗೇ ಕೊಳೆಯಲು ಬಿಟ್ಟಿದ್ದಾರೆ ಎಂದು ತೋರಿಸುವ ಚಿತ್ರ ಮಾಡುತ್ತಾನೆ. ಅದರಿಂದ ಕೆಲಸ ಕಳೆದುಕೊಳ್ಳುವವನು ಮಾತ್ರ ಅವನಲ್ಲ, ಅವನಿಗೆ ಒತ್ತಾಸೆಯಾಗಿ ನಿಂತಿದ್ದ ಇನ್ನೊಬ್ಬ. ಇತ್ತ ಹೆಂಡತಿ ಬೇಸತ್ತು ಮನೆ ಬಿಟ್ಟು ಹೊರಡುತ್ತಾಳೆ. ಅವಳು ಹೋಗುತ್ತಿರುವಾಗ ಫಿಲಿಪ್ ತನಗೇ ತಿಳಿಯದೆ ಎರಡೂ ಕೈಯ ಬೆರಳು ಜೋಡಿಸಿ ಚೌಕ ಮಾಡಿ ಅವಳನ್ನು ಫ್ರೇಮಿನಲ್ಲಿ ಹಿಡಿಯುತ್ತಾನೆ. ಯೆಜಿ ಸ್ಟೂರ್ ಈ ಪಾತ್ರ ಮಾಡಿದ್ದಾನೆ. ನಮ್ಮ ಪಕ್ಕದ ಮನೆಯವನ ಹಾಗಿರುವ, ಸ್ವಲ್ಪ ಪೆದ್ದು, ಸ್ವಲ್ಪ ಹಠಮಾರಿ ಮುಖ. ಆ ಮುಖಕ್ಕಾಗಿಯೇ ಸಿನಿಮಾ ನೋಡಬಹುದು.

ಇದಕ್ಕೆ ಮೊದಲೇ ಏನೂ ಗೊತ್ತಿರಬೇಕಿಲ್ಲ. ನೋಡಿ ಮುಗಿಸುವ ಹೊತ್ತಿಗೆ ಮಾತ್ರ ಎಪ್ಪತ್ತರ ದಶಕದ ಪೋಲೆಂಡಿನಲ್ಲಿ ಯಾರು ಯಾರಿಗೆ ಹೆದರುತ್ತಿದ್ದರು, ಯಾಕೆ ಹೆದರುತ್ತಿದ್ದರು, ಒಬ್ಬ ಮನುಷ್ಯ ನಿಜ ಹೇಳಿದರೆ ಅದರ ಬೆಲೆ ಯಾರು ಕಟ್ಟುತ್ತಾರೆ ಅನ್ನುವುದು ಗೊತ್ತಾಗಿರುತ್ತದೆ. ವಿಮರ್ಶಕರು ಆ ಕಾಲದ ಸಿನಿಮಾಗಳನ್ನು 'ನೈತಿಕ ತಳಮಳದ ಸಿನಿಮಾ' ಅನ್ನುತ್ತಾರೆ. 1976ರಿಂದ 1981ರವರೆಗಿನ ಕಾಲ ಅದು. ಜನೂಸಿಯ 'ಕಮಫ್ಲಾಜ್', ಆಗ್ನಿಯೆಶ್ಕಾ ಹಾಲೆಂಡ್‌ಳ 'ಪ್ರೊವಿನ್ಶಿಯಲ್ ಆ್ಯಕ್ಟರ್ಸ್' ಅದೇ ಗುಂಪಿನವು. ಜನೂಸಿ ಭೌತಶಾಸ್ತ್ರ ಓದಿ ಬಂದವನು, ಅವನ ಪಾತ್ರಗಳು ಸ್ವಲ್ಪ ಜಾಸ್ತಿಯೇ ವಾದ ಮಾಡುತ್ತವೆ. ವಾದ ಇಷ್ಟಪಡುವವರಿಗೆ ಹಬ್ಬ. ಇಲ್ಲದಿದ್ದರೆ 'ಕ್ಯಾಮೆರಾ ಬಫ್' ಸಾಕು. ಅದರಲ್ಲಿ ಜನೂಸಿ ಜನೂಸಿಯಾಗಿಯೇ ಬಂದು ಹೋಗುತ್ತಾನೆ.

ಕೀಸ್ಲೋವ್ಸ್ಕಿಯಲ್ಲೇ ಯಾವುದು: 'ಡೆಕಲಾಗ್' ಅಥವಾ 'ತ್ರೀ ಕಲರ್ಸ್'?

ಇದು ಜಾಸ್ತಿ ಜನ ಕೇಳುವ ಪ್ರಶ್ನೆ. ನನ್ನ ಉತ್ತರದಲ್ಲಿ ಅನುಮಾನ ಇಲ್ಲ: 'ಡೆಕಲಾಗ್'.

'ತ್ರೀ ಕಲರ್ಸ್' 1993-94ರಲ್ಲಿ ಬಂದದ್ದು. ನಿರ್ಮಾಪಕ ಪ್ಯಾರಿಸಿನವನು, 'ಬ್ಲೂ' ಪೂರ್ತಿ ಪ್ಯಾರಿಸಿನಲ್ಲಿ, 'ರೆಡ್' ಜಿನೀವಾದಲ್ಲಿ ನಡೆಯುತ್ತದೆ. ಜೂಲಿಯೆಟ್ ಬಿನೋಷ್ ಮುಖ, ಪ್ರೈಸ್ನರ್ ಸಂಗೀತ, ಎಲ್ಲ ಅದ್ಭುತ. ಪೋಲೆಂಡ್ ಮಾತ್ರ ಸಿಗುವುದಿಲ್ಲ. ಮೂರರಲ್ಲಿ ಎಲ್ಲರೂ ಕಡಿಮೆ ಹೊಗಳುವ 'ವೈಟ್'ನಲ್ಲಿ ಅದು ಸಿಗುತ್ತದೆ. ಪ್ಯಾರಿಸಿನಲ್ಲಿ ಹೆಂಡತಿಯಿಂದ ತಿರಸ್ಕೃತನಾದ ಕ್ಷೌರಿಕ ಕರೋಲ್ ಒಂದು ಸೂಟ್‌ಕೇಸಿನಲ್ಲಿ ಅಡಗಿ ವಾರ್ಸಾಕ್ಕೆ ಮರಳುತ್ತಾನೆ. ವಿಮಾನ ನಿಲ್ದಾಣದಲ್ಲಿ ಆ ಸೂಟ್‌ಕೇಸನ್ನೇ ಕದಿಯುತ್ತಾರೆ. ಕಳ್ಳರು ತೆರೆದು ನೋಡಿದರೆ ಒಳಗೆ ಮನುಷ್ಯ. ಸಿಟ್ಟು ಬಂದು ನಾಲ್ಕು ಬಾರಿಸಿ ಹಿಮ ಬಿದ್ದ ಕಸದ ಗುಡ್ಡೆಯ ಮೇಲೆ ಎಸೆದು ಹೋಗುತ್ತಾರೆ. ಕರೋಲ್ ತಲೆಯೆತ್ತಿ ಸುತ್ತ ನೋಡಿ, ದೇವರೇ, ಅಂತೂ ಮನೆಗೆ ಬಂದೆ ಅನ್ನುತ್ತಾನೆ. ಕಮ್ಯುನಿಸಂ ಹೋಗಿ ಎಲ್ಲರೂ ರಾತ್ರೋರಾತ್ರಿ ವ್ಯಾಪಾರಕ್ಕೆ ಇಳಿದ ದೇಶ ಹೇಗಿತ್ತು ಎಂದು ಅಷ್ಟು ನಗುವಿನಲ್ಲಿ ಹೇಳಿದ ಸಿನಿಮಾ ಬೇರೆ ನನಗೆ ಗೊತ್ತಿಲ್ಲ.

'ಡೆಕಲಾಗ್' ಪೋಲಿಷ್ ಟಿವಿಗೆ ಮಾಡಿದ ಹತ್ತು ಕಂತು. 1988-89ರದ್ದು. ಒಂದೊಂದೂ ಸುಮಾರು ಒಂದು ಗಂಟೆ. ಬೈಬಲಿನ ಹತ್ತು ಆಜ್ಞೆ ಒಂದು ನೆಪ. ಎಲ್ಲ ಕಥೆಗಳೂ ವಾರ್ಸಾದ ಒಂದೇ ದೊಡ್ಡ ಬಡಾವಣೆಯ ಫ್ಲ್ಯಾಟುಗಳಲ್ಲಿ ನಡೆಯುತ್ತವೆ. ಒಂದು ಕಂತಿನ ನಾಯಕ ಇನ್ನೊಂದು ಕಂತಿನಲ್ಲಿ ಸುಮ್ಮನೆ ಹಾದು ಹೋಗುತ್ತಾನೆ. ಜೊತೆಗೆ ಬರೆದವನು ಪಿಯೆಸೆವಿಚ್, ವೃತ್ತಿಯಲ್ಲಿ ವಕೀಲ. ಹತ್ತು ಕಂತಿಗೆ ಒಂಬತ್ತು ಕ್ಯಾಮೆರಾಮನ್‌ಗಳು ಕೆಲಸ ಮಾಡಿದ್ದಾರೆ, ಆದ್ದರಿಂದ ಒಂದರಂತೆ ಇನ್ನೊಂದು ಕಾಣುವುದಿಲ್ಲ.

ಮೊದಲ ಕಂತು: ವಿಜ್ಞಾನವನ್ನೇ ನಂಬಿದ ಪ್ರೊಫೆಸರ್ ಅಪ್ಪ, ಪುಟ್ಟ ಮಗ. ಕೆರೆಯ ಮೇಲಿನ ಮಂಜುಗಡ್ಡೆ ಎಷ್ಟು ಭಾರ ತಡೆಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಸ್ಕೇಟಿಂಗ್ ಹೋಗು ಪರವಾಗಿಲ್ಲ ಅನ್ನುತ್ತಾರೆ. ಒಂದು ಮಧ್ಯಾಹ್ನ ಅಪ್ಪ ಬರೆಯುತ್ತ ಕೂತಿದ್ದಾರೆ. ಹಾಳೆಗಳ ಮೇಲೆ ನೀಲಿ ಕಲೆಯೊಂದು ಮೆಲ್ಲಗೆ ಹರಡುತ್ತದೆ. ಶಾಯಿ ಬಾಟಲಿ ಒಡೆದಿದೆ. ಹೊರಗೆ ಅಗ್ನಿಶಾಮಕ ವಾಹನದ ಸದ್ದು. ಅಷ್ಟೇ. ಏನಾಯಿತು ಎಂದು ಯಾರೂ ಹೇಳುವುದಿಲ್ಲ, ಅಪ್ಪ ಕೈ ತೊಳೆಯಲು ಹೋಗುತ್ತಾರೆ. ನಮ್ಮ ಹೊಟ್ಟೆಯಲ್ಲಿ ಮಾತ್ರ ತಣ್ಣಗಾಗುತ್ತದೆ.

ಹತ್ತನ್ನೂ ಸಾಲಾಗಿ ನೋಡಬೇಕೆಂದಿಲ್ಲ. ಒಂದು, ಐದು, ಆರು, ಹತ್ತು ನೋಡಿ, ಹಿಡಿಸಿದರೆ ಉಳಿದವು. ಹತ್ತನೆಯದು ಅಪ್ಪ ಬಿಟ್ಟುಹೋದ ಅಂಚೆಚೀಟಿ ಸಂಗ್ರಹದ ಹಿಂದೆ ಬಿದ್ದ ಅಣ್ಣತಮ್ಮಂದಿರ ಕಥೆ, ಒಳ್ಳೆ ತಮಾಷೆಯಾಗಿದೆ. ಐದನೆಯದನ್ನು ಮಲಗುವ ಮುಂಚೆ ನೋಡಬೇಡಿ. ಅದನ್ನೇ ಹಿಗ್ಗಿಸಿ ಮಾಡಿದ 'ಎ ಶಾರ್ಟ್ ಫಿಲ್ಮ್ ಅಬೌಟ್ ಕಿಲ್ಲಿಂಗ್' ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಒಬ್ಬ ಹುಡುಗ ಟ್ಯಾಕ್ಸಿ ಡ್ರೈವರನ್ನು ಕೊಲ್ಲುತ್ತಾನೆ, ಆಮೇಲೆ ಸರ್ಕಾರ ಹುಡುಗನನ್ನು ಗಲ್ಲಿಗೆ ಹಾಕುತ್ತದೆ. ಎರಡೂ ಕೊಲೆಗಳನ್ನು ಕಣ್ಣು ಮುಚ್ಚಿಕೊಳ್ಳಲು ಬಿಡದೆ ನಿಧಾನವಾಗಿ ತೋರಿಸುತ್ತಾನೆ. ಕ್ಯಾಮೆರಾಮನ್ ಇಡ್ಜಿಯಾಕ್ ಹಸಿರು ಫಿಲ್ಟರ್ ಹಾಕಿ ವಾರ್ಸಾವನ್ನು ಪಾಚಿ ಕಟ್ಟಿದ ಹಾಗೆ ಮಾಡಿಟ್ಟಿದ್ದಾನೆ. ಸಿನಿಮಾ ಬಂದ 1988ರಲ್ಲೇ, ಏಪ್ರಿಲ್ ತಿಂಗಳಲ್ಲಿ, ಪೋಲೆಂಡಿನಲ್ಲಿ ಕೊನೆಯ ಗಲ್ಲು ನಡೆಯಿತು.

ವೈದಾ ನೋಡುವುದಾದರೆ ಈ ಕ್ರಮದಲ್ಲಿ

ಆಂಜೆಯ್ ವೈದಾ (1926-2016) ಪೋಲೆಂಡಿನ ಅಧಿಕೃತ ಅಂತಃಸಾಕ್ಷಿ ಇದ್ದ ಹಾಗೆ. ಒಳ್ಳೆಯದಕ್ಕೂ ಹೌದು, ಭಾರಕ್ಕೂ ಹೌದು. ಸಿನಿಮಾಕ್ಕೆ ಬರುವ ಮೊದಲು ಕ್ರಾಕೋವ್‌ನಲ್ಲಿ ಚಿತ್ರಕಲೆ ಕಲಿತವನು. ಅವನ ಫ್ರೇಮುಗಳಲ್ಲಿ ಅದು ಕಾಣುತ್ತದೆ. ಆದರೆ ಮೇಲೆ ಹೇಳಿದ ಅಳತೆಯಲ್ಲಿ ನೋಡಿದರೆ ನಮ್ಮಿಂದ ಅತಿ ಹೆಚ್ಚು ತಯಾರಿ ಕೇಳುವವನೂ ಇವನೇ.

'ಕನಾಲ್' (1957) ತೆಗೆದುಕೊಳ್ಳಿ. ವಾರ್ಸಾ ದಂಗೆಯ ಕೊನೆಯ ದಿನಗಳು. ಸೋತ ತುಕಡಿಯೊಂದು ಒಳಚರಂಡಿಗೆ ಇಳಿದು ತಪ್ಪಿಸಿಕೊಳ್ಳಲು ನೋಡುತ್ತದೆ. ಕತ್ತಲು, ಕೊಳಕು, ದಾರಿ ತಪ್ಪುವುದು. ಗಾಯಗೊಂಡ ಹುಡುಗ ಮತ್ತು ಅವನನ್ನು ಹೊತ್ತುಕೊಂಡ ಹುಡುಗಿ ಕೊನೆಗೂ ಬೆಳಕು ಬರುವ ಕಡೆ ತಲುಪುತ್ತಾರೆ. ಅಲ್ಲಿ ಕಬ್ಬಿಣದ ಸರಳು. ಆಚೆ ನದಿ, ನದಿಯಾಚೆ ದಡ. ದಡದಲ್ಲಿ ಏನೂ ಇಲ್ಲ, ಹುಲ್ಲು ಅಷ್ಟೆ. ವಾರ್ಸಾದ ಪ್ರೇಕ್ಷಕರಿಗೆ ಆ ದಡದಲ್ಲಿ ಯಾವ ಸೈನ್ಯ ಸುಮ್ಮನೆ ನಿಂತಿತ್ತು ಅಂತ ಗೊತ್ತಿತ್ತು. ವೈದಾ ಆ ಸೈನ್ಯವನ್ನು ತೋರಿಸುವಂತಿರಲಿಲ್ಲ, ತೋರಿಸಲೂ ಇಲ್ಲ. ಸೆನ್ಸಾರ್ ಏನನ್ನು ಕತ್ತರಿಸಬೇಕು ಹೇಳಿ?

ಮರುವರ್ಷದ 'ಆಶಸ್ ಅಂಡ್ ಡೈಮಂಡ್ಸ್' ಯುದ್ಧ ಮುಗಿದ ದಿನ, 1945ರ ಮೇ 8ರ ಒಂದೇ ರಾತ್ರಿಯ ಕಥೆ. ಭೂಗತ ಸೇನೆಯ ಹುಡುಗ ಮಾಚೆಕ್‌ಗೆ ಒಬ್ಬ ಕಮ್ಯುನಿಸ್ಟ್ ನಾಯಕನನ್ನು ಕೊಲ್ಲುವ ಕೆಲಸ ಬಂದಿದೆ. ಪಾತ್ರ ಮಾಡಿದವನು ಸ್ಬಿಗ್ನಿಯೆವ್ ಚಿಬುಲ್ಸ್ಕಿ. 1945ರ ಬಟ್ಟೆ ಹಾಕಿಕೊಳ್ಳಲು ಒಪ್ಪದೆ ಐವತ್ತರ ದಶಕದ ತನ್ನದೇ ಜಾಕೆಟ್, ಕಪ್ಪು ಕನ್ನಡಕದಲ್ಲಿ ಬಂದ. ಹೋಟೆಲಿನ ಬಾರ್ ಕೌಂಟರಿನಲ್ಲಿ ಮಾಚೆಕ್ ವೋಡ್ಕಾ ತುಂಬಿದ ಸಣ್ಣ ಲೋಟಗಳನ್ನು ಒಂದೊಂದಾಗಿ ಗೆಳೆಯನ ಮುಂದೆ ಜಾರಿಸಿ ಕಡ್ಡಿ ಗೀರಿ ಹಚ್ಚುತ್ತಾನೆ. ಒಂದೊಂದು ಜ್ವಾಲೆಗೆ ಗೆಳೆಯ ದಂಗೆಯಲ್ಲಿ ಸತ್ತ ಒಬ್ಬೊಬ್ಬರ ಹೆಸರು ಹೇಳುತ್ತಾನೆ. ಕೊನೆಯಲ್ಲಿ ಮಾಚೆಕ್ ನಕ್ಕು, ನಾವಿಬ್ಬರು ಇನ್ನೂ ಬದುಕಿದ್ದೀವಲ್ಲ ಅನ್ನುತ್ತಾನೆ. ಆಮೇಲೆ ಅವನು ಸಾಯುವುದು ಊರಾಚೆಯ ತಿಪ್ಪೆಯಲ್ಲಿ. ಪಕ್ಷದವರಿಗೆ ಅದು ಇತಿಹಾಸದ ಕಸಕ್ಕೆ ಸೇರಿದ ಶತ್ರು. ಜನರಿಗೆ ತಮ್ಮ ಮನೆ ಹುಡುಗ. ಎರಡು ಅರ್ಥವನ್ನೂ ಒಂದೇ ಶಾಟ್ ಹೊತ್ತಿದೆ. ಚಿಬುಲ್ಸ್ಕಿ 1967ರಲ್ಲಿ ಓಡುವ ರೈಲು ಹತ್ತಲು ಹೋಗಿ ವ್ರೊತ್ಸ್ವಾವ್ ನಿಲ್ದಾಣದಲ್ಲಿ ಸತ್ತ. ಇನ್ನೂ ನಲವತ್ತು ತುಂಬಿರಲಿಲ್ಲ.

ಹಾಗಾಗಿ 'ಕನಾಲ್' ಮೊದಲು, 'ಆಶಸ್' ಆಮೇಲೆ. ಹೆಚ್ಚಿನವರು ಉಲ್ಟಾ ಮಾಡಿ, ಮಾಚೆಕ್ ಯಾಕೆ ಹಾಗಾಡುತ್ತಾನೆ ಅಂತ ತಲೆ ಕೆರೆದುಕೊಳ್ಳುತ್ತಾರೆ. ಚರಂಡಿಗೆ ಇಳಿದು ಬಂದವನ ಕಣ್ಣಿಗೆ ಆ ಕಪ್ಪು ಕನ್ನಡಕ ಯಾಕೆ ಬಂತು ಅನ್ನುವುದು ಮೊದಲನೆಯದನ್ನು ನೋಡಿದ್ದರೆ ತಕ್ಷಣ ಹೊಳೆಯುತ್ತದೆ.

ಮೂರನೆಯದಾಗಿ 'ಮ್ಯಾನ್ ಆಫ್ ಮಾರ್ಬಲ್' (1977). ಸಿನಿಮಾ ವಿದ್ಯಾರ್ಥಿನಿಯೊಬ್ಬಳು ಐವತ್ತರ ದಶಕದ 'ಆದರ್ಶ ಗಾರೆ ಕೆಲಸದವ'ನೊಬ್ಬನನ್ನು ಹುಡುಕಿಕೊಂಡು ಹೊರಡುತ್ತಾಳೆ. ಒಮ್ಮೆ ಅವನ ಅಮೃತಶಿಲೆಯ ಪ್ರತಿಮೆ ಮಾಡಿದ್ದವರು ಈಗ ಅವನ ಹೆಸರೇ ಎತ್ತುವುದಿಲ್ಲ. ಸ್ಕ್ರಿಪ್ಟ್ ಅನುಮತಿಗಾಗಿ ಹತ್ತು ವರ್ಷಕ್ಕೂ ಜಾಸ್ತಿ ಕಾದಿತ್ತು. ಕ್ರಿಸ್ಟಿನಾ ಯಾಂಡಾ ಇದರಲ್ಲಿ ಜೀನ್ಸ್ ಹಾಕಿ ಸಿಗರೇಟು ಸೇದುತ್ತ ಎಲ್ಲರ ಮೇಲೆ ಹರಿಹಾಯುವುದನ್ನು ನೋಡುವುದೇ ಒಂದು ಖುಷಿ. ಇದರ ಮುಂದಿನ ಭಾಗ 'ಮ್ಯಾನ್ ಆಫ್ ಐರನ್' 1981ರಲ್ಲಿ ಕಾನ್‌ನ ಅತಿದೊಡ್ಡ ಪ್ರಶಸ್ತಿಯಾದ ಚಿನ್ನದ ಗರಿ ಗೆದ್ದಿತು. ಗ್ಡಾನ್ಸ್ಕ್ ಹಡಗುಕಟ್ಟೆಯ ಮುಷ್ಕರ ನಡೆದು ವರ್ಷವೂ ಆಗಿರಲಿಲ್ಲ, ಮುಷ್ಕರದ ನಾಯಕ ವಾಲೆಸಾ ತಾನಾಗಿಯೇ ಕಾಣಿಸಿಕೊಂಡಿದ್ದಾನೆ. ದಾಖಲೆಯಾಗಿ ಅಮೂಲ್ಯ. ಸಿನಿಮಾ ಆಗಿ ಮೊದಲಿನದರ ಮುಂದೆ ಸಪ್ಪೆ, ಅವಸರದ ಅಡುಗೆ. ಅದೇ ವರ್ಷ ಡಿಸೆಂಬರ್ 13ರಂದು ಮಿಲಿಟರಿ ಆಡಳಿತ ಬಂತು, ಎಲ್ಲ ಬಾಗಿಲೂ ಮುಚ್ಚಿತು. ಆ ಹೊತ್ತಿನಲ್ಲಿ ಡಬ್ಬದೊಳಗೆ ಹೋದ ಸಿನಿಮಾ ಬುಗಾಯ್ಸ್ಕಿಯ 'ಇಂಟರಾಗೇಶನ್'. ಸ್ಟಾಲಿನ್ ಕಾಲದ ಜೈಲಿನಲ್ಲಿ ಸುಮ್ಮನೆ ಸಿಕ್ಕಿಬಿದ್ದ ಹಾಡುಗಾರ್ತಿಯ ಕಥೆ. ಅದರಲ್ಲೂ ಯಾಂಡಾ ಇದ್ದಾಳೆ. ಏಳೆಂಟು ವರ್ಷ ಕಳೆದು ಬಿಡುಗಡೆಯಾದಾಗ, 1990ರಲ್ಲಿ ಕಾನ್‌ನಲ್ಲಿ ಅವಳಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಬಂತು.

ವೈದಾನ ಅಪ್ಪ ಸೇನಾಧಿಕಾರಿ, 1940ರಲ್ಲಿ ಸೋವಿಯತ್ ಪೊಲೀಸರು ಕೊಂದ ಸಾವಿರಾರು ಪೋಲಿಷ್ ಅಧಿಕಾರಿಗಳಲ್ಲಿ ಒಬ್ಬ. ಅದರ ಬಗ್ಗೆ 'ಕತಿನ್' ಮಾಡುವ ಹೊತ್ತಿಗೆ ಮಗನಿಗೆ ಎಂಬತ್ತು ದಾಟಿತ್ತು, 2007. 1940ರ ಆಸುಪಾಸಿನಲ್ಲಿ ಸೋವಿಯತ್ ಒಳನಾಡಿಗೆ ಸಾಗಿಸಲ್ಪಟ್ಟ ಪೋಲಿಷ್ ಕುಟುಂಬಗಳಲ್ಲಿ ಸುಮಾರು ಐದು ಸಾವಿರ ಜನ ಕೊನೆಗೆ ಬಂದು ತಂಗಿದ್ದು ಕೊಲ್ಹಾಪುರದ ಪಕ್ಕದ ವಳಿವಡೆ ಶಿಬಿರದಲ್ಲಿ. ನಮ್ಮ ಬೆಳಗಾವಿಯಿಂದ ಎರಡು ಮೂರು ಗಂಟೆ ದಾರಿ, ಅಷ್ಟೇ.

ವೈದಾನ ವೀರರು ಭಾರ ಅನ್ನಿಸಿದರೆ ಆಂಜೆಯ್ ಮುಂಕ್ ಕಡೆ ಹೋಗಿ. ಅವನ 'ಇರೋಯಿಕಾ' (1958) ಅದೇ ದಂಗೆಯನ್ನು, ಅದೇ ವೀರತನವನ್ನು ತೆಗೆದುಕೊಂಡು ಓರೆನಗೆಯಲ್ಲಿ ನೋಡುತ್ತದೆ. ಎರಡನೇ ಭಾಗದಲ್ಲಿ ಯುದ್ಧಕೈದಿಗಳ ಶಿಬಿರ. ಒಬ್ಬ ಅಧಿಕಾರಿ ತಪ್ಪಿಸಿಕೊಂಡು ಹೋದ ಎಂಬ ಕಥೆಯನ್ನು ನೆನೆದೇ ಉಳಿದವರು ತಲೆಯೆತ್ತಿ ಬದುಕಿದ್ದಾರೆ. ಅಸಲಿಗೆ ಅವನು ಎಲ್ಲೂ ಹೋಗಿಲ್ಲ, ಅದೇ ಕಟ್ಟಡದಲ್ಲಿ ಅಡಗಿದ್ದಾನೆ. ಗೊತ್ತಿರುವ ಒಬ್ಬಿಬ್ಬರು ಬಾಯಿ ಬಿಡುವ ಹಾಗಿಲ್ಲ. ನನಗೆ ಕೇಳಿದರೆ ಮುಂಕ್ ವೈದಾನಿಗಿಂತ ಬುದ್ಧಿವಂತ. 1961ರಲ್ಲಿ, ನಲವತ್ತು ತುಂಬುವ ಮೊದಲೇ, ಕಾರು ಅಪಘಾತದಲ್ಲಿ ಹೋಗಿಬಿಟ್ಟ. ಅರ್ಧಕ್ಕೆ ನಿಂತ 'ಪ್ಯಾಸೆಂಜರ್' ಅನ್ನು ಗೆಳೆಯರು ಸ್ಥಿರಚಿತ್ರ ಸೇರಿಸಿ ಮುಗಿಸಿದರು.

'ಈಡಾ' ಮತ್ತು 'ಕೋಲ್ಡ್ ವಾರ್'

ಪಾವ್ಲಿಕೋವ್ಸ್ಕಿ ಹದಿಹರೆಯದಲ್ಲೇ ಇಂಗ್ಲೆಂಡಿಗೆ ಹೋದವನು. ಹೊರಗಿನವನಿಗೂ ಅರ್ಥವಾಗುವ ಹಾಗೆ ಹೇಳುವುದು ಅವನಿಗೆ ಸಹಜವಾಗಿ ಬಂದಿದೆ. 'ಈಡಾ' (2013) 82 ನಿಮಿಷ, ಕಪ್ಪು ಬಿಳುಪು. ಮಾತು ಕಡಿಮೆ, ಮುಖಗಳು ಫ್ರೇಮಿನ ಕೆಳಗಿನ ಮೂಲೆಯಲ್ಲಿ, ಮೇಲೆಲ್ಲ ಖಾಲಿ. ಅರವತ್ತರ ದಶಕದಲ್ಲಿ ಸನ್ಯಾಸಿನಿಯಾಗಲು ಹೊರಟ ಹುಡುಗಿಗೆ ತಾನು ಯಹೂದಿ ಎಂದು ಗೊತ್ತಾಗುತ್ತದೆ. ಹೇಳುವವಳು ಚಿಕ್ಕಮ್ಮ, ಒಂದು ಕಾಲದಲ್ಲಿ ಜನರನ್ನು ಗಲ್ಲಿಗೆ ಕಳಿಸಿದ ಸರ್ಕಾರಿ ವಕೀಲೆ. ಇಬ್ಬರೂ ಕಾರಿನಲ್ಲಿ ಹೊರಡುತ್ತಾರೆ, ಹುಡುಗಿಯ ಅಪ್ಪ ಅಮ್ಮನನ್ನು ಎಲ್ಲಿ ಹೂತಿದ್ದಾರೆ ಎಂದು ಹುಡುಕಲು. ಕೊಂದವರು ಜರ್ಮನ್ನರಲ್ಲ, ನೆರೆಯವರು. ಈ ಒಂದು ವಿಷಯಕ್ಕೆ ಪೋಲೆಂಡಿನಲ್ಲಿ ದೊಡ್ಡ ಗಲಾಟೆ ಆಯಿತು. ಜರ್ಮನ್ನರು ಆಳುತ್ತಿದ್ದರು, ಪೋಲರು ಎಷ್ಟೋ ಯಹೂದಿಗಳನ್ನು ಉಳಿಸಿದರು ಎಂದು ಚಿತ್ರದ ಮೊದಲಲ್ಲಿ ಬರೆದು ಹಾಕಿ ಅಂತ ಸಹಿ ಸಂಗ್ರಹವೇ ನಡೆಯಿತು. ಇನ್ನೊಂದು ಬದಿಯವರಿಗೆ ಯಹೂದಿ ಹೆಂಗಸನ್ನೇ ಕಮ್ಯುನಿಸ್ಟ್ ವಕೀಲೆ ಮಾಡಿದ್ದು ಸರಿ ಕಾಣಲಿಲ್ಲ. ಇದರ ನಡುವೆಯೇ 2015ರಲ್ಲಿ ವಿದೇಶಿ ಭಾಷೆಯ ಆಸ್ಕರ್ ಬಂತು, ಪೋಲೆಂಡಿಗೆ ಆ ವಿಭಾಗದಲ್ಲಿ ಮೊದಲನೆಯದು.

ಈ ಜಗಳ ಗೊತ್ತಿಲ್ಲದೆ ನೋಡಿದರೆ 'ಈಡಾ' ಸುಂದರ ಫೋಟೋಗಳ ಆಲ್ಬಮ್ ಆಗಿಬಿಡುವ ಅಪಾಯ ಇದೆ. ಅದಕ್ಕೇ ಮೊದಲ ಸಿನಿಮಾ ಅದಾಗುವುದು ಬೇಡ ಅನ್ನುವುದು. 'ಕೋಲ್ಡ್ ವಾರ್' (2018) ಪ್ರೇಮಕಥೆ, ಜಾನಪದ ಹಾಡಿನ ತಂಡ, ಪ್ಯಾರಿಸಿನ ಜಾಜ್. ಸಂಗೀತ ಇಷ್ಟಪಡುವವರು, ಇಬ್ಬರು ಕೂತು ನೋಡುವವರು ಇದನ್ನೇ ಆರಿಸಿ. ಒಂದೇ ಹಾಡು ಹಳ್ಳಿಯ ಹುಡುಗಿಯ ಬಾಯಲ್ಲಿ, ಸರ್ಕಾರಿ ವೇದಿಕೆಯ ಮೇಲೆ, ಪ್ಯಾರಿಸಿನ ಬಾರಿನಲ್ಲಿ ಹೇಗೆ ಬದಲಾಗುತ್ತದೆ ಅಂತ ಕೇಳಿಸಿಕೊಂಡರೆ ಸಾಕು, ಇತಿಹಾಸ ತಾನಾಗಿ ತಿಳಿಯುತ್ತದೆ.

ಇತಿಹಾಸದ ಗೊಡವೆಯೇ ಬೇಡ ಅನ್ನುವವರಿಗೆ

ಪೊಲಾನ್‌ಸ್ಕಿಯ 'ನೈಫ್ ಇನ್ ದ ವಾಟರ್' (1962). ಒಂದು ದೋಣಿ, ಗಂಡ, ಹೆಂಡತಿ, ದಾರಿಯಲ್ಲಿ ಸಿಕ್ಕಿದ ಹುಡುಗ, ಒಂದು ಚಾಕು. ಒಂದೂವರೆ ಗಂಟೆ ಉಸಿರು ಬಿಗಿಹಿಡಿದು ನೋಡಬಹುದು. ಅವನ 'ದ ಪಿಯಾನಿಸ್ಟ್' ಎಲ್ಲರಿಗೂ ಗೊತ್ತಿರುವುದೇ. ಅಮೆರಿಕದಲ್ಲಿ ಬಾಲಕಿಯ ಮೇಲಿನ ಲೈಂಗಿಕ ಅಪರಾಧವನ್ನು ಒಪ್ಪಿಕೊಂಡು, ಶಿಕ್ಷೆ ತಪ್ಪಿಸಿಕೊಂಡು 1978ರಲ್ಲಿ ಓಡಿಹೋದವನು ಅನ್ನುವ ಕಾರಣಕ್ಕೆ ಅವನ ಸಿನಿಮಾ ನೋಡುವುದಿಲ್ಲ ಅನ್ನುವವರಿದ್ದಾರೆ. ಆ ನಿರ್ಧಾರ ನಿಮ್ಮದು.

ವೋಯ್ಚೆಹ್ ಹಾಸ್‌ನ 'ಸರಗೋಸಾ ಮ್ಯಾನುಸ್ಕ್ರಿಪ್ಟ್' (1965) ಮೂರು ಗಂಟೆಯ ಮಾಯಾಲೋಕ. ಒಬ್ಬ ಕಥೆ ಹೇಳುತ್ತಾನೆ, ಆ ಕಥೆಯೊಳಗೆ ಇನ್ನೊಬ್ಬ ಕಥೆ ಶುರು ಮಾಡುತ್ತಾನೆ, ಅದರೊಳಗೆ ಮತ್ತೊಬ್ಬ. ಪಂಚತಂತ್ರ, ಬೇತಾಳನ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ, ಅಲ್ವಾ? ಯುರೋಪಿನ ವಿಮರ್ಶಕರು ತಲೆ ತಿರುಗಿತು ಅನ್ನುವ ಕಡೆ ನಾವು ಆರಾಮಾಗಿ ಕೂರಬಹುದು.

ಸ್ಕೊಲಿಮೋವ್ಸ್ಕಿ ಎಂಬತ್ತು ದಾಟಿದ ಮೇಲೆ ಮಾಡಿದ 'ಇಯೋ' (2022) ಒಂದು ಕತ್ತೆಯ ಪಯಣ. ಮಾತು ಬಹಳ ಕಡಿಮೆ, ಸಬ್‌ಟೈಟಲ್ ಓದಲು ಬೇಜಾರು ಅನ್ನುವವರಿಗೆ ಹೇಳಿ ಮಾಡಿಸಿದ್ದು. ಎಂಟು ನಿಮಿಷ ಮಾತ್ರ ಇದೆ ಅಂದರೆ ರಿಬ್ಚಿನ್ಸ್ಕಿಯ 'ಟ್ಯಾಂಗೋ' ನೋಡಿ. ಒಂದೇ ಕೋಣೆ, ಹತ್ತಾರು ಜನ ತಮ್ಮ ತಮ್ಮ ಕೆಲಸ ಮಾಡುತ್ತ ಒಳಗೆ ಹೊರಗೆ ಓಡಾಡುತ್ತಾರೆ, ಯಾರೂ ಯಾರಿಗೂ ತಾಗುವುದಿಲ್ಲ. 1983ರಲ್ಲಿ ಆಸ್ಕರ್ ಪಡೆದ ಆ್ಯನಿಮೇಶನ್.

ಇವತ್ತಿನ ಪೋಲೆಂಡ್ ಬೇಕು ಅಂದರೆ ಹಾಲೆಂಡ್‌ಳ 'ಗ್ರೀನ್ ಬಾರ್ಡರ್' (2023). ಬೆಲಾರುಸ್ ಗಡಿಯ ಕಾಡಿನಲ್ಲಿ ಎರಡೂ ಕಡೆಯವರು ನಿರಾಶ್ರಿತರನ್ನು ಆಚೀಚೆ ತಳ್ಳುವ ಕಥೆ. ಬಿಡುಗಡೆಯಾದಾಗ ಆಗಿನ ಸರ್ಕಾರದ ಮಂತ್ರಿಗಳೇ ಬೈದರು. ಎಪ್ಪತ್ತರ ದಶಕದಲ್ಲಿ ಬೈಸಿಕೊಂಡವಳು ಇವಳೇ.

ನಗುವ ಸಿನಿಮಾಗಳು, ಮತ್ತು ಎಲ್ಲಿ ನೋಡುವುದು

ಪೋಲರು ತಾವೇ ಮತ್ತೆ ಮತ್ತೆ ನೋಡುವುದು ವೈದಾನನ್ನಲ್ಲ, ಬರೇಯಾನ 'ಮಿಶ್' ಅನ್ನು. 1980ರ ಕಾಮಿಡಿ. ಅದರಲ್ಲಿ 'ಮಿಲ್ಕ್ ಬಾರ್' ಎಂಬ ಸರ್ಕಾರಿ ಸಬ್ಸಿಡಿಯ ಅಗ್ಗದ ಹೋಟೆಲಿನ ದೃಶ್ಯ ಇದೆ. ಗಿರಾಕಿಗಳು ಕದಿಯಬಾರದು ಅಂತ ಬಟ್ಟಲುಗಳನ್ನು ಮೇಜಿಗೆ ಸ್ಕ್ರೂ ಹಾಕಿ ಕೂರಿಸಿದ್ದಾರೆ. ಚಮಚಗಳಿಗೆ ಸರಪಳಿ. ಒಂದು ಸರಪಳಿಗೆ ಎರಡು ಚಮಚ, ಎದುರುಬದುರು ಕೂತವರು ಒಬ್ಬ ಎಳೆದರೆ ಇನ್ನೊಬ್ಬನ ಚಮಚ ಬಾಯಿಗೆ ಹೋಗುವುದಿಲ್ಲ. ಇಂಥ ಕೆಲವು ದೃಶ್ಯಗಳಿಗೆ ಯಾರಾದರೂ ನಗುತ್ತಾರೆ. ಉಳಿದ ಅರ್ಧಕ್ಕೆ ಆ ಕಾಲದ ಕ್ಯೂ, ಪಾಸ್‌ಪೋರ್ಟ್ ಪಡಿಪಾಟಲು, ಕಚೇರಿ ಭಾಷೆ ಗೊತ್ತಿರಬೇಕು. ಆದ್ದರಿಂದ ಪಟ್ಟಿಯ ಕೊನೆಗಿಡಿ. ಆಗ ಡಬಲ್ ಮಜಾ.

ಪೋಲೆಂಡಿನ ಸರ್ಕಾರಿ ಸ್ಟುಡಿಯೋಗಳು ಡಿಜಿಟಲ್ ಮಾಡಿದ ಹಳೆಯ ಸಿನಿಮಾಗಳನ್ನು '35ಎಂಎಂ ಡಾಟ್ ಆನ್‌ಲೈನ್' ತಾಣದಲ್ಲಿ ಉಚಿತವಾಗಿ ಇಟ್ಟಿವೆ. ಹಲವಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಇದೆ. ಯೂಟ್ಯೂಬಿನಲ್ಲಿ ಯಾರೋ ಹಾಕಿದ ಮಸುಕು ಪ್ರತಿಗಿಂತ ಇದು ಎಷ್ಟೋ ವಾಸಿ. ಕಪ್ಪು ಬಿಳುಪಿನ ವೈದಾನನ್ನು ಕೆಟ್ಟ ಪ್ರತಿಯಲ್ಲಿ ನೋಡುವುದಕ್ಕಿಂತ ನೋಡದಿರುವುದೇ ಮೇಲು, ಚರಂಡಿಯ ಕತ್ತಲಲ್ಲಿ ಏನೂ ಕಾಣುವುದಿಲ್ಲ. 'ಈಡಾ', 'ಕೋಲ್ಡ್ ವಾರ್', 'ಇಯೋ' ಒಟಿಟಿಗಳಲ್ಲಿ ಬಂದು ಹೋಗುತ್ತಿರುತ್ತವೆ, ಹುಡುಕಬೇಕು. ಬೆಂಗಳೂರಿನವರು ಪ್ರತಿವರ್ಷದ ಅಂತರರಾಷ್ಟ್ರೀಯ ಚಿತ್ರೋತ್ಸವದ ಪಟ್ಟಿಯಲ್ಲಿ ಪೋಲೆಂಡ್ ಹೆಸರು ಕಂಡರೆ ಬಿಡಬೇಡಿ. 1971ರಿಂದ ನಡೆಯುತ್ತಿರುವ ಸುಚಿತ್ರಾದಂಥ ಫಿಲ್ಮ್ ಸೊಸೈಟಿಗಳ ಕಾರ್ಯಕ್ರಮದ ಮೇಲೂ ಕಣ್ಣಿಡಿ.

ಒಂದೇ ಸಂಜೆ ಇದ್ದರೆ 'ಕ್ಯಾಮೆರಾ ಬಫ್'. ಎರಡು ಮೂರು ವಾರಾಂತ್ಯ ಇದ್ದರೆ ಅದರ ಹಿಂದೆಯೇ 'ಡೆಕಲಾಗ್'ನ ನಾಲ್ಕು ಕಂತು, 'ಕನಾಲ್', 'ಆಶಸ್', ಆಮೇಲೆ 'ಈಡಾ'. ಅಪ್ಪ ಅಮ್ಮನ ಜೊತೆ ಕೂತು ನೋಡುವುದಾದರೆ 'ವೈಟ್' ಬೇಡ, 'ಇಯೋ' ಇರಲಿ. ಇಷ್ಟೆಲ್ಲ ನೋಡಿಯೂ ಆಕಳಿಕೆ ಬಂದರೆ ಪಿವೋವ್ಸ್ಕಿಯ 'ರೇಯ್ಸ್' (1970) ಹಾಕಿ. ವಿಸ್ಟುಲಾ ನದಿಯ ದೋಣಿಯಲ್ಲಿ ಟಿಕೆಟ್ ಇಲ್ಲದೆ ಹತ್ತಿದವನನ್ನೇ ಸರ್ಕಾರದ ಸಾಂಸ್ಕೃತಿಕ ಅಧಿಕಾರಿ ಎಂದುಕೊಂಡು ಪ್ರಯಾಣಿಕರೆಲ್ಲ ಅವನು ಹೇಳಿದಂತೆ ಕುಣಿಯುತ್ತಾರೆ. ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದರಲ್ಲಿ ಡೆಕ್ಕಿನ ಮೇಲೆ ಕೂತ ಒಬ್ಬ ಪಕ್ಕದವನಿಗೆ ವಿವರಿಸುತ್ತಾನೆ, ಪೋಲಿಷ್ ಸಿನಿಮಾ ಅಂದರೆ ಬೋರು ಸ್ವಾಮಿ, ಅದರಲ್ಲಿ ಏನೂ ನಡೆಯುವುದೇ ಇಲ್ಲ ಅಂತ.